ದೂರದರ್ಶಕಕ್ಕೆ ಬ್ಯಾಟರಿ: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ದೆಹಲಿಯ ಸಂಸದ್ ಮಾರ್ಗದ ಬದಿಯಲ್ಲಿ ಸವಾಯಿ ಜಯಸಿಂಹನು ೧೭೨೪ರಲ್ಲಿ ಕಟ್ಟಿಸಿದ ಜಂತರ್ ಮಂತರ್ ಇಂದಿಗೂ ಭದ್ರವಾಗಿ ನಿಂತಿದೆ. ಅಲ್ಲಿಯ ಕಲ್ಲುಗಾರೆಯ ಯಂತ್ರಗಳಿಗೆ ಮಸೂರವಿಲ್ಲ, ತಂತಿಯಿಲ್ಲ, ವಿದ್ಯುತ್ತಿನ ಹಂಗಿಲ್ಲ. ಮುನ್ನೂರು ವರ್ಷಗಳ ಅನಂತರ ಅದೇ ನಗರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳು ಆಸೆಪಟ್ಟು ತರಿಸಿಕೊಳ್ಳುವ ದೂರದರ್ಶಕಗಳ ಸ್ಥಿತಿಯಾದರೋ ಬೇರೆ. ನಕ್ಷತ್ರದ ಹೆಸರನ್ನು ಗುಂಡಿಯೊತ್ತಿ ತಿಳಿಸಿದರೆ ತಾನೇ ತಿರುಗಿ ಅದನ್ನು ತೋರಿಸುವ ಜಾಣತನ ಅವಕ್ಕಿದೆ. ಆದರೆ ಹನ್ನೆರಡು ವೋಲ್ಟಿನ ವಿದ್ಯುತ್ತು ನಿಂತೊಡನೆ ಆ ಜಾಣತನವೂ ನಿಲ್ಲುತ್ತದೆ.

ಮನೆಯ ಮಾಳಿಗೆಯ ಮೇಲೆ ಇದೊಂದು ತೊಡಕಲ್ಲ. ಗೋಡೆಯ ಪ್ಲಗ್ಗಿನಿಂದ ತಂತಿಯೆಳೆದರೆ ಆಯಿತು. ಆದರೆ ದೆಹಲಿ, ಗುರುಗ್ರಾಮ, ನೋಯ್ಡಾಗಳ ಮಾಳಿಗೆಗಳಿಂದ ಕಾಣುವ ಆಕಾಶವೆಷ್ಟು? ಚಂದ್ರನು ಕಾಣುತ್ತಾನೆ, ಗುರು ಶನಿಗಳು ಕಾಣುತ್ತವೆ, ಕೆಲವು ದೊಡ್ಡ ನಕ್ಷತ್ರಗಳು ಕಾಣುತ್ತವೆ. ಊರಿನಲ್ಲಿ ಅಂಗಳಕ್ಕೆ ಬಂದು ತಲೆಯೆತ್ತಿದರೆ ಕಾಣುತ್ತಿದ್ದ ಆಕಾಶಗಂಗೆಯನ್ನು ಇಲ್ಲಿ ಹುಟ್ಟಿದ ಮಗುವಿಗೆ ತೋರಿಸಬೇಕಾದರೆ ಸುಮಾರು ೨೦೦ ಕಿಲೋಮೀಟರ್ ದೂರದ ಸರಿಸ್ಕಾ ಅರಣ್ಯದ ಅಂಚಿಗೋ, ಲ್ಯಾನ್ಸ್‌ಡೌನ್, ಮುಕ್ತೇಶ್ವರಗಳ ಬೆಟ್ಟಗಳಿಗೋ ಹೋಗಬೇಕಾಗುತ್ತದೆ.

ಅಂತಹ ರಾತ್ರಿಗಳು ವರ್ಷಕ್ಕೆ ಎಷ್ಟು ದೊರೆಯುತ್ತವೆ ಎಂಬುದನ್ನು ವಾಚಕರು ಎಣಿಸಿ ನೋಡಬೇಕು. ಚಂದ್ರನಿಲ್ಲದ, ಅಮಾವಾಸ್ಯೆಯ ಆಸುಪಾಸಿನ ದಿನವಾಗಬೇಕು. ಅದು ಶನಿವಾರವೋ ರಜೆಯ ದಿನವೋ ಆಗಬೇಕು. ಮಳೆಗಾಲದ ಮೋಡ, ನವೆಂಬರಿನ ಹೊಗೆ, ಜನವರಿಯ ಮಂಜು ಯಾವುದೂ ಅಡ್ಡಬರಬಾರದು. ಇಷ್ಟೆಲ್ಲ ಕೂಡಿಬಂದ ರಾತ್ರಿಯಲ್ಲಿ, ಮನೆಮಂದಿಯೆಲ್ಲ ಕಾರಿನಲ್ಲಿ ಹೋಗಿ ದೂರದರ್ಶಕವನ್ನು ಹೂಡಿದ ಮೇಲೆ, ಹತ್ತು ಗಂಟೆಗೆ ಬ್ಯಾಟರಿ ಸತ್ತುಹೋದರೆ ಆ ನಷ್ಟವನ್ನು ತುಂಬಿಕೊಡುವ ಅಂಗಡಿಯು ಯಾವುದೂ ಇಲ್ಲ. ಇದಕ್ಕಿಂತಲೂ ದೊಡ್ಡ ಅಪಾಯವೊಂದಿದೆ. ಗುಣಮಟ್ಟವಿಲ್ಲದ ಲಿಥಿಯಮ್ ಬ್ಯಾಟರಿಯನ್ನು ಮಹಡಿಮನೆಯ ಮಂಚದ ಕೆಳಗಿಟ್ಟು ರಾತ್ರಿಯಿಡೀ ಚಾರ್ಜು ಮಾಡುವುದೆಂದರೆ ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡಂತೆ. ಆದುದರಿಂದ ವಿಷಯವು ಚಿಕ್ಕದೆಂದು ತೋರಿದರೂ ಅದನ್ನು ಇಲ್ಲಿ ವಿವರವಾಗಿ ಬರೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಪೀಠಕ್ಕೆ ವಿದ್ಯುತ್ತು ಏಕೆ?

ದೂರದರ್ಶಕದ ಕೊಳವೆಗೆ ವಿದ್ಯುತ್ತು ಬೇಕಿಲ್ಲ. ಅದನ್ನು ಹೊತ್ತು ತಿರುಗಿಸುವ, ‘ಮೌಂಟ್’ ಎಂದು ಕರೆಯುವ ಪೀಠಕ್ಕೆ ಬೇಕು. ಭೂಮಿಯು ನಕ್ಷತ್ರಗಳಿಗೆ ಎದುರಾಗಿ ೨೩ ಗಂಟೆ ೫೬ ನಿಮಿಷ ೪ ಸೆಕೆಂಡುಗಳಲ್ಲಿ ಒಂದು ಸುತ್ತು ತಿರುಗುವುದರಿಂದ, ಆಕಾಶವು ನಮ್ಮ ಕಣ್ಣಿಗೆ ಗಂಟೆಗೆ ೧೫ ಅಂಶದಷ್ಟು ಪಡುವಣಕ್ಕೆ ಜರುಗುತ್ತದೆ. ಬರಿಗಣ್ಣಿಗೆ ಇದು ತಿಳಿಯದು. ಇನ್ನೂರು ಪಟ್ಟು ಹಿಗ್ಗಿಸಿ ನೋಡುವಾಗ ಮಾತ್ರ ಶನಿಗ್ರಹವು ಒಂದು ನಿಮಿಷದೊಳಗಾಗಿ ದೃಷ್ಟಿಯಿಂದ ಜಾರಿಹೋಗುತ್ತದೆ. ಹತ್ತು ಮಂದಿ ಸಾಲಾಗಿ ನಿಂತಿದ್ದರೆ ಮೂರನೆಯವನಿಗೆ ಬರಿಯ ಕತ್ತಲೆ ಕಾಣುತ್ತದೆ.

ಈ ಜರುಗುವಿಕೆಯನ್ನು ಸರಿದೂಗಿಸಲು ಹಿಂದಿನವರು ಗಡಿಯಾರದ ಯಂತ್ರವನ್ನು ಬಳಸುತ್ತಿದ್ದರು. ಜರ್ಮನಿಯ ಫ್ರಾನ್‌ಹೋಫರನು ನಿರ್ಮಿಸಿ ೧೮೨೪ರಲ್ಲಿ ದೋರ್ಪಾತ್ ವೀಕ್ಷಣಾಲಯಕ್ಕೆ ಒದಗಿಸಿದ ದೂರದರ್ಶಕವು, ಕೆಳಗಿಳಿಯುವ ತೂಕದ ಗುಂಡಿನ ಬಲದಿಂದಲೇ ನಕ್ಷತ್ರವನ್ನು ಹಿಂಬಾಲಿಸುತ್ತಿತ್ತು. ಇಂದು ಆ ಕೆಲಸವನ್ನು ಚಿಕ್ಕ ಮೋಟಾರುಗಳು ಮಾಡುತ್ತವೆ.

ಕೈಯಿಂದಲೇ ದೂಡಿ ತಿರುಗಿಸುವ, ಡಾಬ್ಸನ್ ಬಗೆಯ ದೂರದರ್ಶಕವುಳ್ಳವರಿಗೆ ಈ ಖರ್ಚೇ ಇಲ್ಲ. ಕೇವಲ ಕಣ್ಣಿನಿಂದ ನೋಡುವ ಅಭಿಲಾಷೆಯವರು ಮೊದಲ ದೂರದರ್ಶಕವನ್ನು ಕೊಳ್ಳುವಾಗಲೇ ಇದನ್ನು ಯೋಚಿಸುವುದು ಒಳ್ಳೆಯದು. ಮೋಟಾರಿನ ಪೀಠವನ್ನು ಈಗಾಗಲೇ ಕೊಂಡಿರುವವರಿಗಾಗಿ ಮುಂದಿನ ಮಾತುಗಳು.

ಅಕ್ಕಿಯ ಅಳತೆ, ವಿದ್ಯುತ್ತಿನ ಅಳತೆ

ನೂರು ಎಲೆಯ ಊಟಕ್ಕೆ ಅಕ್ಕಿ ಎಷ್ಟು ಎಂಬ ಲೆಕ್ಕವಿಲ್ಲದೆ ಯಾವ ಹೋಟೆಲಿನವನೂ ಒಲೆ ಹೊತ್ತಿಸುವುದಿಲ್ಲ. ಬ್ಯಾಟರಿಯ ವಿಷಯದಲ್ಲಿಯೂ ಮೊದಲು ಊಟದ ಲೆಕ್ಕ, ಆಮೇಲೆ ಪಾತ್ರೆಯ ಗಾತ್ರ. ಇಲ್ಲಿ ನಂಬತಕ್ಕ ಅಳತೆಯೊಂದೇ: ವ್ಯಾಟ್-ಗಂಟೆ. ಹತ್ತು ವ್ಯಾಟ್ ಬೇಡುವ ಯಂತ್ರವು ಒಂದು ಗಂಟೆ ನಡೆದರೆ ಹತ್ತು ವ್ಯಾಟ್-ಗಂಟೆ ಖರ್ಚಾಯಿತು. ಬ್ಯಾಟರಿಯ ವೋಲ್ಟನ್ನೂ ಆಂಪಿಯರ್-ಗಂಟೆಯನ್ನೂ ಗುಣಿಸಿದರೆ ಅದರ ಹೊಟ್ಟೆಯಲ್ಲಿರುವ ವ್ಯಾಟ್-ಗಂಟೆ ದೊರೆಯುತ್ತದೆ.

ಸಾಧಾರಣ ಗಾತ್ರದ ಪೀಠವು ನಕ್ಷತ್ರವನ್ನು ಹಿಂಬಾಲಿಸುವಾಗ ಒಂದು ಆಂಪಿಯರಿಗಿಂತ ಕಡಿಮೆ ಎಳೆಯುತ್ತದೆ. ಒಂದು ದಿಕ್ಕಿನಿಂದ ಇನ್ನೊಂದಕ್ಕೆ ವೇಗವಾಗಿ ತಿರುಗುವಾಗ ಎರಡು ಮೂರು ಆಂಪಿಯರ್ ಎಳೆಯಬಹುದು. ಒಟ್ಟಿನಲ್ಲಿ ಸರಾಸರಿ ೧೦ ವ್ಯಾಟ್ ಎಂದು ಹಿಡಿದರೆ ತಪ್ಪಾಗದು. ೨೦೨೫ರ ಸೆಪ್ಟೆಂಬರ್ ೭ರ ರಾತ್ರಿಯ ಸಂಪೂರ್ಣ ಚಂದ್ರಗ್ರಹಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂದು ರಾತ್ರಿ ೯ ಗಂಟೆ ೫೭ ನಿಮಿಷಕ್ಕೆ ಸ್ಪರ್ಶವಾಗಿ, ೧ ಗಂಟೆ ೨೬ ನಿಮಿಷಕ್ಕೆ ಮೋಕ್ಷವಾಯಿತು. ಸುಮಾರು ಮೂರೂವರೆ ಗಂಟೆಯ ಕಾಲ; ಖರ್ಚು ೩೫ ವ್ಯಾಟ್-ಗಂಟೆ. ಇದಕ್ಕೆ ದೊಡ್ಡ ಬ್ಯಾಟರಿಯೇನೂ ಬೇಡ.

ಆದರೆ ಚಳಿಗಾಲದಲ್ಲಿ ಸರಿಸ್ಕಾದ ಅಂಚಿನಲ್ಲಿ ಎಂಟು ಗಂಟೆಗಳ ಕಾಲ ನೋಡುವವರ ಲೆಕ್ಕ ಬೇರೆ. ಪೀಠಕ್ಕೆ ೮೦ ವ್ಯಾಟ್-ಗಂಟೆ. ಉತ್ತರ ಭಾರತದ ಚಳಿಯಲ್ಲಿ ಮಸೂರದ ಮೇಲೆ ಇಬ್ಬನಿ ಕೂಡುವುದನ್ನು ತಡೆಯಲು ಕೊಳವೆಗೆ ಬಿಸಿಪಟ್ಟಿ ಸುತ್ತಬೇಕಾಗುತ್ತದೆ. ಅದು ೮ ವ್ಯಾಟ್ ತಿಂದರೂ ಎಂಟು ಗಂಟೆಗೆ ೬೪ ಆಯಿತು. ಎರಡೂ ಸೇರಿ ಸುಮಾರು ೧೪೫. ಛಾಯಾಚಿತ್ರ ತೆಗೆಯುವವರು ಕ್ಯಾಮೆರಾ, ಚಿಕ್ಕ ಕಂಪ್ಯೂಟರುಗಳಿಗೆಂದು ಇನ್ನೂ ೨೦ ವ್ಯಾಟ್ ಸೇರಿಸಿದರೆ ಮೊತ್ತವು ೩೦೦ನ್ನು ದಾಟುತ್ತದೆ. ಪೀಠವೊಂದರ ಲೆಕ್ಕವನ್ನು ಮಾತ್ರ ಹಾಕಿ ಬ್ಯಾಟರಿ ತಂದವರು ನಡುರಾತ್ರಿಯಲ್ಲಿ ಕಂಗೆಡುವುದು ಈ ಪಟ್ಟಿಯ ಮೂಲಕವೇ. ತಮ್ಮ ತಮ್ಮ ಯಂತ್ರದ ಕೈಪಿಡಿಯಲ್ಲಿ ನಮೂದಿಸಿರುವ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಂಡು, ಕೂಡಿ, ಗಂಟೆಗಳಿಂದ ಗುಣಿಸಿ, ಆಮೇಲೆ ಅಂಗಡಿಗೆ ಹೊರಡಬೇಕು.

ಸೀಸವೋ, ಲಿಥಿಯಮ್ಮೋ?

ಎಲ್ಲಕ್ಕಿಂತ ಅಗ್ಗವಾದುದು ಕಂಪ್ಯೂಟರಿನ ಯುಪಿಎಸ್ ಪೆಟ್ಟಿಗೆಯೊಳಗಿರುವಂತಹ, ಮುಚ್ಚಿದ ಸೀಸ-ಆಮ್ಲದ ಬ್ಯಾಟರಿ. ಹನ್ನೆರಡು ವೋಲ್ಟ್, ಏಳು ಆಂಪಿಯರ್-ಗಂಟೆಯದು ಎಲ್ಲೆಡೆಯೂ ದೊರೆಯುತ್ತದೆ. ಗುಣಿಸಿದರೆ ೮೪ ವ್ಯಾಟ್-ಗಂಟೆ. ಆದರೆ ಸೀಸದ ಬ್ಯಾಟರಿಯನ್ನು ತಳ ಕಾಣುವವರೆಗೆ ಬಳಸಿದರೆ ಅದರ ಆಯುಷ್ಯ ಮುಗಿಯಿತು. ಅರ್ಧದಷ್ಟನ್ನು ಮಾತ್ರ ಬಳಸಿ ಉಳಿದುದನ್ನು ಕಾಯ್ದಿರಿಸಬೇಕು. ಅಂದರೆ ನಮ್ಮ ಕೈಗೆ ಬರುವುದು ೪೨. ಮೇಲೆ ಹೇಳಿದ ಗ್ರಹಣಕ್ಕೆ ಇಷ್ಟು ಸಾಕು. ಸರಿಸ್ಕಾದ ಇಡೀ ರಾತ್ರಿಗೆ ಸಾಲದು. ಅದಕ್ಕೆ ೨೬ ಆಂಪಿಯರ್-ಗಂಟೆಯ ಬ್ಯಾಟರಿ ಬೇಕು. ಅದರ ತೂಕವು ಎಂಟೊಂಬತ್ತು ಕಿಲೋಗ್ರಾಂ.

ದೆಹಲಿಯ ಗಲ್ಲಿಗಲ್ಲಿಗಳಲ್ಲಿ ಓಡುವ ಬ್ಯಾಟರಿ ರಿಕ್ಷಾಗಳ ಕೆಳಗೆ ಹನ್ನೆರಡು ವೋಲ್ಟಿನ ನಾಲ್ಕು ಬ್ಯಾಟರಿಗಳಿರುವುದನ್ನು ಕಂಡು, ಅವುಗಳಲ್ಲಿ ಒಂದನ್ನು ತಂದರೆ ಹೇಗೆಂದು ಕೇಳುವವರುಂಟು. ಶಕ್ತಿಯೇನೋ ಬೇಕಾದಷ್ಟಿದೆ, ಆದರೆ ಅದನ್ನು ಹೊರಲು ಇಬ್ಬರು ಬೇಕು, ಒಳಗಿನ ಆಮ್ಲವು ಕಾರಿನಲ್ಲಿ ಚೆಲ್ಲುವ ಭಯವೂ ಇದೆ. ಕಾರಿನ ಸ್ವಂತ ಬ್ಯಾಟರಿಯಿಂದಲೇ ತಂತಿಯೆಳೆಯುವುದು ಇನ್ನೊಂದು ಪ್ರಲೋಭನೆ. ಕಾರಿನ ಬ್ಯಾಟರಿಯು ಇಂಜಿನನ್ನು ಚಾಲೂ ಮಾಡಲು ಕೆಲವು ಕ್ಷಣ ಬಹಳ ಬಲ ಕೊಡುವುದಕ್ಕೆ ಮಾಡಿದ್ದು. ಗಂಟೆಗಟ್ಟಲೆ ನಿಧಾನವಾಗಿ ಬರಿದಾಗುವುದಕ್ಕಲ್ಲ. ನಕ್ಷತ್ರಗಳನ್ನು ನೋಡಿ ತಣಿದ ಕುಟುಂಬವು ಬೆಳಗಿನ ಜಾವ ನಾಲ್ಕಕ್ಕೆ ಕಾಡಿನಂಚಿನಲ್ಲಿ ಚಾಲೂ ಆಗದ ಕಾರಿನೊಳಗೆ ಕುಳಿತಿರುವ ಪ್ರಸಂಗವನ್ನು ಊಹಿಸಿಕೊಂಡರೆ ಸಾಕು.

ಎರಡನೆಯದು, ಜೇಬಿಗೂ ಚೀಲಕ್ಕೂ ಹಗುರವಾದ ಪವರ್ ಬ್ಯಾಂಕು. ಇಲ್ಲಿ ಅಂಕಿಗಳ ಮೋಡಿಯೊಂದಿದೆ. ಹೊದಿಕೆಯ ಮೇಲೆ ೨೦,೦೦೦ ಮಿಲಿಆಂಪಿಯರ್-ಗಂಟೆ ಎಂದು ದಪ್ಪಕ್ಷರದಲ್ಲಿರುತ್ತದೆ. ಇದನ್ನು ಓದಿದವರು ಇಪ್ಪತ್ತು ಆಂಪಿಯರ್-ಗಂಟೆಯೆಂದು ತಿಳಿದು ಹನ್ನೆರಡರಿಂದ ಗುಣಿಸಿ ೨೪೦ ಎನ್ನುತ್ತಾರೆ. ಆದರೆ ಆ ಅಂಕಿಯು ಒಳಗಿನ ೩.೭ ವೋಲ್ಟಿನ ಕೋಶಕ್ಕೆ ಸಂಬಂಧಿಸಿದ್ದು. ನಿಜವಾದ ಸಂಗ್ರಹವು ೭೪ ವ್ಯಾಟ್-ಗಂಟೆ ಮಾತ್ರ. ಅದನ್ನು ಹನ್ನೆರಡು ವೋಲ್ಟಿಗೆ ಏರಿಸುವಾಗ ಒಂದಿಷ್ಟು ಸೋರಿ, ಅರುವತ್ತು ಚಿಲ್ಲರೆ ಕೈಗೆ ಬರುತ್ತದೆ. ಎಲ್ಲ ಪವರ್ ಬ್ಯಾಂಕುಗಳೂ ಹನ್ನೆರಡು ವೋಲ್ಟ್ ಕೊಡುವುದಿಲ್ಲ ಎಂಬುದೂ, ಬೇಡಿಕೆ ತೀರ ಕಡಿಮೆಯಾದಾಗ ಕೆಲವು ತಾವೇ ನಿದ್ದೆಹೋಗುತ್ತವೆ ಎಂಬುದೂ ಗಮನಾರ್ಹ. ಚಿಕ್ಕ ಪೀಠಕ್ಕೆ, ಚಿಕ್ಕ ರಾತ್ರಿಗೆ ಅಡ್ಡಿಯಿಲ್ಲ.

ಮೂರನೆಯದು ಲಿಥಿಯಮ್ ಐರನ್ ಫಾಸ್ಫೇಟ್ ಬ್ಯಾಟರಿ. ಬಯಲಿನ ಕೆಲಸಕ್ಕೆ ನಾವು ಶಿಫಾರಸು ಮಾಡುವುದು ಇದನ್ನೇ. ೩.೨ ವೋಲ್ಟಿನ ನಾಲ್ಕು ಕೋಶಗಳು ಸೇರಿ ೧೨.೮ ವೋಲ್ಟ್ ಆಗುತ್ತದೆ. ಮುಗಿಯುವ ಹೊತ್ತಿನವರೆಗೂ ವೋಲ್ಟು ಹೆಚ್ಚು ಇಳಿಯುವುದಿಲ್ಲ. ಸಂಗ್ರಹದ ಬಹುಪಾಲನ್ನು ನಿರ್ಭಯವಾಗಿ ಬಳಸಬಹುದು. ತೂಕವು ಸೀಸದ ಬ್ಯಾಟರಿಯ ಅರ್ಧಕ್ಕಿಂತಲೂ ಕಡಿಮೆ. ಸೀಸದ್ದು ಕೆಲವು ನೂರು ಬಾರಿ ತುಂಬಿ ಬರಿದಾಗುವಷ್ಟರಲ್ಲಿ ಸೋತರೆ, ಇದು ಎರಡು ಸಾವಿರ ಬಾರಿಯನ್ನು ದಾಟಬಲ್ಲದು. ಬೇರೆ ಲಿಥಿಯಮ್ ಬಗೆಗಳಿಗಿಂತ ಬೇಗನೆ ಬೆಂಕಿಗೆ ಸಿಕ್ಕದಿರುವ ಗುಣವೂ ಇದಕ್ಕಿದೆ. ಕೊಳ್ಳುವಾಗ ಬೆಲೆ ಹೆಚ್ಚು. ವರ್ಷಗಳ ಮೇಲೆ ಹಂಚಿದರೆ ಅಗ್ಗ. ಮೇಲಿನ ೧೪೫ರ ಲೆಕ್ಕಕ್ಕೆ ನಾಲ್ಕನೆಯ ಒಂದು ಪಾಲು ಹೆಚ್ಚಿಗೆ ಸೇರಿಸಿದರೆ ೧೮೦ ಆಗುತ್ತದೆ. ೧೫ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ೧೯೨ ಇದೆ. ಛಾಯಾಚಿತ್ರದವರಿಗೆ ೩೦ ಆಂಪಿಯರ್-ಗಂಟೆಯದು ಬೇಕು.

ಇದನ್ನು ಕೇಳುವಾಗ ‘ಲಿಥಿಯಮ್ ಹನ್ನೆರಡು ವೋಲ್ಟ್’ ಎಂದಷ್ಟೇ ಹೇಳಬಾರದು. ೩.೭ ವೋಲ್ಟಿನ ಮೂರು ಕೋಶಗಳ ಬ್ಯಾಟರಿಯನ್ನೂ ಅದೇ ಹೆಸರಿನಿಂದ ಮಾರುತ್ತಾರೆ. ಅದು ತುಂಬಿದಾಗ ೧೨.೬ ವೋಲ್ಟ್ ಇದ್ದು, ಅರ್ಧ ಮುಗಿಯುವಷ್ಟರಲ್ಲಿ ೧೧ಕ್ಕೆ ಇಳಿಯುತ್ತದೆ. ಹಲವು ಪೀಠಗಳು ೧೧ಕ್ಕಿಂತ ಕೆಳಗೆ ತೊದಲತೊಡಗುತ್ತವೆ, ದಿಕ್ಕು ಮರೆಯುತ್ತವೆ. ಯಂತ್ರ ಕೆಟ್ಟಿತೆಂದು ರಿಪೇರಿಗೆ ಓಡುವ ಮೊದಲು ವೋಲ್ಟನ್ನು ಅಳೆದು ನೋಡಬೇಕು.

‘ಪವರ್ ಸ್ಟೇಷನ್’ ಎಂಬ ಹಿಡಿಯುಳ್ಳ ಪೆಟ್ಟಿಗೆಗಳಿಗೂ ಈ ಲೆಕ್ಕವೇ ಅನ್ವಯಿಸುತ್ತದೆ. ಅವುಗಳಲ್ಲಿ ೨೩೦ ವೋಲ್ಟಿನ ಪ್ಲಗ್ಗಿಗೆ ಪೀಠದ ಅಡಾಪ್ಟರನ್ನು ಸಿಕ್ಕಿಸಬಾರದು. ಹನ್ನೆರಡನ್ನು ಇನ್ನೂರ ಮೂವತ್ತು ಮಾಡಿ, ಮತ್ತೆ ಹನ್ನೆರಡು ಮಾಡುವುದೆಂದರೆ ಹಾಲಿಗೆ ನೀರು ಬೆರೆಸಿ ಮತ್ತೆ ಕಾಯಿಸಿ ಗಟ್ಟಿಮಾಡಿದಂತೆ. ನೇರವಾದ ಹನ್ನೆರಡು ವೋಲ್ಟಿನ ಕಂಡಿಯಿಂದಲೇ ಪಡೆಯಬೇಕು.

ತಂತಿ, ಫ್ಯೂಸು, ಚಳಿ

ಒಳ್ಳೆಯ ಬ್ಯಾಟರಿಯನ್ನು ತಂದು ಕೆಟ್ಟ ತಂತಿಯಿಂದ ಜೋಡಿಸಿದರೆ ಪ್ರಯೋಜನವಿಲ್ಲ. ಅರ್ಧ ಚದರ ಮಿಲಿಮೀಟರಿನ ತೆಳ್ಳಗಿನ ತಂತಿಯನ್ನು ಐದು ಮೀಟರ್ ಎಳೆದು, ಅದರಲ್ಲಿ ಮೂರು ಆಂಪಿಯರ್ ಹರಿಸಿದರೆ, ದಾರಿಯಲ್ಲಿಯೇ ಒಂದು ವೋಲ್ಟ್ ಕಳೆದುಹೋಗುತ್ತದೆ. ಒಂದೂವರೆ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟವು ಅದರ ಮೂರನೆಯ ಒಂದು ಪಾಲು. ಬ್ಯಾಟರಿಯನ್ನು ಪೀಠದ ಕಾಲಬುಡದಲ್ಲಿಯೇ ಇಟ್ಟು ತಂತಿಯನ್ನು ಗಿಡ್ಡಗೊಳಿಸುವುದು ಇನ್ನೂ ಮೇಲು. ಕತ್ತಲೆಯಲ್ಲಿ ಮಕ್ಕಳು ಎಡವುವುದೂ ತಪ್ಪುತ್ತದೆ.

ಧನ ಋಣಗಳನ್ನು ಅದಲು ಬದಲು ಮಾಡಿದರೆ ಪೀಠದೊಳಗಿನ ಸೂಕ್ಷ್ಮ ಭಾಗಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಸಾಮಾನ್ಯವಾಗಿ ದುಂಡು ಪಿನ್ನಿನ ಒಳಗಂಬವು ಧನ, ಹೊರಬಳೆಯು ಋಣ. ಆದರೂ ಕೈಪಿಡಿಯನ್ನು ನೋಡಿ, ಮೀಟರಿನಿಂದ ಅಳೆದ ಮೇಲೆಯೇ ಜೋಡಿಸಬೇಕು. ಬ್ಯಾಟರಿಯ ಧನ ತುದಿಯ ಬಳಿಯಲ್ಲಿ ಐದು ಆಂಪಿಯರಿನ ಫ್ಯೂಸೊಂದನ್ನು ತಪ್ಪದೆ ಹಾಕಬೇಕು. ಕೆಲವು ರೂಪಾಯಿಗಳ ಈ ವಸ್ತುವು ಬೆಂಕಿಯನ್ನು ತಡೆಯುತ್ತದೆ.

ಚಳಿಯು ಬ್ಯಾಟರಿಗಳಿಗೆ ಶತ್ರು. ಸೊನ್ನೆ ಡಿಗ್ರಿಯಲ್ಲಿ ಸೀಸದ ಬ್ಯಾಟರಿಯ ಶಕ್ತಿಯು ಸುಮಾರು ಐದನೆಯ ಒಂದು ಪಾಲು ಕುಗ್ಗುತ್ತದೆ. ಲಿಥಿಯಮ್ ಬ್ಯಾಟರಿಯು ಸೊನ್ನೆಯ ಕೆಳಗೂ ವಿದ್ಯುತ್ತು ಕೊಡಬಲ್ಲದು. ಆದರೆ ಆ ಸ್ಥಿತಿಯಲ್ಲಿ ಅದನ್ನು ಚಾರ್ಜು ಮಾಡಿದರೆ ಒಳಗೆ ಶಾಶ್ವತವಾದ ಹಾನಿಯಾಗುತ್ತದೆ. ಮುಕ್ತೇಶ್ವರದ ಜನವರಿಯ ರಾತ್ರಿಯಿಂದ ತಂದ ಬ್ಯಾಟರಿಯು ಕೋಣೆಯ ಬೆಚ್ಚಗೆ ಬಂದ ಮೇಲೆಯೇ ಚಾರ್ಜರಿಗೆ ಜೋಡಿಸಬೇಕು. ಹೊರಗೆ ಅದನ್ನು ತಣ್ಣನೆಯ ನೆಲದ ಮೇಲಿಡದೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟರೆ ತನ್ನ ಬಿಸಿಯನ್ನು ತಾನೇ ಉಳಿಸಿಕೊಳ್ಳುತ್ತದೆ.

ಅಂಗಡಿಯಲ್ಲಿ

ಚಾಂದನಿ ಚೌಕದ ಭಾಗೀರಥ ಪ್ಯಾಲೇಸ್, ಕೆಂಪುಕೋಟೆಯೆದುರಿನ ಲಾಜಪತರಾಯ್ ಮಾರ್ಕೆಟ್, ದಕ್ಷಿಣದ ನೆಹರೂ ಪ್ಲೇಸ್, ಈ ಮೂರು ಕಡೆಗಳಲ್ಲಿ ತಂತಿ, ಫ್ಯೂಸು, ಪಿನ್ನು, ಬ್ಯಾಟರಿಗಳು ದೊರೆಯುತ್ತವೆ. ಚೌಕಾಸಿ ನಡೆಯುವ ಸ್ಥಳಗಳಲ್ಲಿ ಅಂಕಿಗಳೂ ಹಿಗ್ಗುವುದುಂಟು. ಹಳೆಯ ಕೋಶಗಳನ್ನು ಹೊಸ ನೀಲಿ ಹೊದಿಕೆಯೊಳಗೆ ಸುತ್ತಿ ಮಾರುವವರಿಂದ ದೂರವಿರಬೇಕು. ಭಾರತೀಯ ಮಾನಕ ಬ್ಯೂರೋದ ಗುರುತನ್ನೂ ನೋಂದಣಿ ಸಂಖ್ಯೆಯನ್ನೂ, ತಯಾರಾದ ತಿಂಗಳನ್ನೂ ನೋಡಬೇಕು, ರಸೀದಿಯಿಲ್ಲದೆ ಕೊಳ್ಳಬಾರದು. ಬ್ಯಾಟರಿಯೊಳಗಿನ ರಕ್ಷಣಾ ಮಂಡಲಿಯು, ಅಂಗಡಿಯವರು ‘ಬಿಎಂಎಸ್’ ಎನ್ನುವುದು, ಎಷ್ಟು ಆಂಪಿಯರ್ ತಾಳುತ್ತದೆಂದು ಕೇಳಬೇಕು.

ಸೀಸದ ಬ್ಯಾಟರಿಗೆ ತಕ್ಕಡಿಯೇ ಪರೀಕ್ಷಕ. ಏಳು ಆಂಪಿಯರ್-ಗಂಟೆಯದು ಎರಡು ಕಿಲೋಗ್ರಾಮಿನಷ್ಟು ತೂಗಬೇಕು. ತೀರ ಹಗುರವಾಗಿದ್ದರೆ ಒಳಗೆ ಸೀಸ ಕಡಿಮೆ. ಲಿಥಿಯಮ್ಮಿಗೆ ದೀಪದ ಪರೀಕ್ಷೆ. ಸ್ಕೂಟರಿನ ಪಕ್ಕದ ದೀಪಕ್ಕೆ ಹಾಕುವ ಹನ್ನೆರಡು ವೋಲ್ಟ್, ಹತ್ತು ವ್ಯಾಟಿನ ಬಲ್ಬನ್ನು ತುಂಬಿದ ಬ್ಯಾಟರಿಗೆ ಜೋಡಿಸಿ, ಸ್ಟೀಲ್ ತಟ್ಟೆಯ ಮೇಲಿಟ್ಟು, ಗಡಿಯಾರ ನೋಡುತ್ತ ಕಾಯಬೇಕು. ೧೯೨ ವ್ಯಾಟ್-ಗಂಟೆಯೆಂದು ಬರೆದಿರುವ ಬ್ಯಾಟರಿಯು ಸುಮಾರು ಹತ್ತೊಂಬತ್ತು ಗಂಟೆ ಬೆಳಗಬೇಕು. ಹತ್ತು ಗಂಟೆಗೇ ನಂದಿದರೆ ರಸೀದಿಯೊಡನೆ ಅಂಗಡಿಗೆ ಮರಳುವುದು. ಈ ಪರೀಕ್ಷೆಯನ್ನು ಮನೆಯಲ್ಲಿ, ಎಚ್ಚರವಾಗಿರುವಾಗ, ಕೊಂಡ ವಾರದಲ್ಲಿಯೇ ಮುಗಿಸಬೇಕು.

ವಿಮಾನವೇರುವವರಿಗೆ

ಲಡಾಖಿನ ಹಾನ್ಲೆಯ ಹೆಸರನ್ನು ಈಗ ಆಕಾಶಪ್ರಿಯರೆಲ್ಲ ಬಲ್ಲರು. ಸುಮಾರು ೪,೫೦೦ ಮೀಟರ್ ಎತ್ತರದ ಆ ಸ್ಥಳದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ೨೦೨೨ರಲ್ಲಿ ಆ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ದೆಹಲಿಯಿಂದ ಲೇಹಕ್ಕೆ ಹಾರಿ ಅಲ್ಲಿಗೆ ದೂರದರ್ಶಕವನ್ನು ಒಯ್ಯುವವರು ಒಂದು ನಿಯಮವನ್ನು ನೆನಪಿಡಬೇಕು. ಬಿಡಿ ಲಿಥಿಯಮ್ ಬ್ಯಾಟರಿಯನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಒಪ್ಪಿಸುವ ಸಾಮಾನಿನಲ್ಲಿ ಹಾಕಕೂಡದು. ನೂರು ವ್ಯಾಟ್-ಗಂಟೆಯವರೆಗಿನದಕ್ಕೆ ವಿಶೇಷ ಒಪ್ಪಿಗೆ ಬೇಡ. ನೂರರಿಂದ ೧೬೦ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕೂ ಮೇಲಾದರೆ ಪ್ರಯಾಣಿಕನ ಜೊತೆಗೆ ಬಿಡುವುದಿಲ್ಲ. ೧೨.೮ ವೋಲ್ಟಿನ ಏಳು ಆಂಪಿಯರ್-ಗಂಟೆಯದು ೯೦ರೊಳಗಿರುತ್ತದೆ, ಹದಿನೈದರದು ೧೯೨. ಮೊದಲನೆಯದು ಹಾರುತ್ತದೆ, ಎರಡನೆಯದು ವಿಮಾನ ನಿಲ್ದಾಣದಲ್ಲಿಯೇ ಉಳಿಯುತ್ತದೆ. ನಿಯಮಗಳು ಆಗಾಗ ಬಿಗಿಯಾಗುವುದರಿಂದ ಟಿಕೇಟು ಕೊಳ್ಳುವಾಗಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಮನೆಯಲ್ಲಿ ಇಡುವ ಕ್ರಮ

ಹೋಟೆಲಿನ ಇನ್ವರ್ಟರುಗಳನ್ನು ವರ್ಷಾನುಗಟ್ಟಲೆ ನೋಡಿಕೊಂಡ ನಮಗೆ ತಿಳಿದಿರುವ ಮಟ್ಟಿಗೆ, ದುಡಿದು ಸತ್ತ ಬ್ಯಾಟರಿಗಳಿಗಿಂತ ಅಲಕ್ಷ್ಯದಿಂದ ಸತ್ತವೇ ಹೆಚ್ಚು. ಜುಲೈಯಿಂದ ಸೆಪ್ಟೆಂಬರಿನವರೆಗೆ ದೂರದರ್ಶಕವು ಮೂಲೆ ಸೇರುತ್ತದೆ. ಅದರೊಡನೆ ಬ್ಯಾಟರಿಯನ್ನೂ ಮರೆಯುತ್ತಾರೆ. ಸೀಸದ ಬ್ಯಾಟರಿಯನ್ನು ತುಂಬಿಸಿಯೇ ಇಟ್ಟು, ಎರಡು ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು. ಲಿಥಿಯಮ್ಮನ್ನು ಅರ್ಧದಷ್ಟು ತುಂಬಿಸಿ ತಂಪಾದ ಸ್ಥಳದಲ್ಲಿಡಬೇಕು. ದೆಹಲಿಯ ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೋ ಬಾಲ್ಕನಿಯಲ್ಲೋ ಬಿಟ್ಟರೆ ಯಾವ ಬ್ಯಾಟರಿಯೂ ಉಳಿಯದು. ಒಂದರ ಚಾರ್ಜರನ್ನು ಇನ್ನೊಂದಕ್ಕೆ ಬಳಸಬಾರದು. ಎಲ್ಲರೂ ಮಲಗಿದ ಮೇಲೆ ಚಾರ್ಜು ಮಾಡಬಾರದು. ಬಾಗಿಲ ದಾರಿಯಲ್ಲಿ ಇಡಬಾರದು. ಉಬ್ಬಿದ ಬ್ಯಾಟರಿಯನ್ನು ಮತ್ತೊಮ್ಮೆ ಮುಟ್ಟಿ ಬಳಸಬಾರದು.

ಆಯುಷ್ಯ ಮುಗಿದುದನ್ನು ಕಬಾಡಿಯವನ ತಳ್ಳುಗಾಡಿಗೆ ಹಾಕುವುದು ರೂಢಿ. ಆ ಸೀಸವನ್ನು ಎಲ್ಲೋ ಬಡವರ ಗುಡಿಸಲ ಬಳಿಯಲ್ಲಿ ಕರಗಿಸುತ್ತಾರೆ. ಅದರ ವಿಷವು ಅಲ್ಲಿಯ ಮಕ್ಕಳ ರಕ್ತಕ್ಕೆ ಸೇರುತ್ತದೆ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಒಪ್ಪಿಸಿದರೆ ಬೆಲೆಯಲ್ಲಿಯೂ ಸ್ವಲ್ಪ ಇಳಿತ ದೊರೆಯುವುದುಂಟು.

ಕೊನೆಯದಾಗಿ ಒಂದು ಮಾತು. ಪರದೇಶದಂತಹ ಈ ಊರಿನಲ್ಲಿ ಒಂದೊಂದು ಮನೆಯೂ ಬೇರೆ ಬೇರೆ ದೂರದರ್ಶಕ, ಬೇರೆ ಬೇರೆ ಬ್ಯಾಟರಿಗಳನ್ನು ಕೊಂಡು, ವರ್ಷಕ್ಕೆ ಎರಡು ಬಾರಿ ಬಳಸಿ ಮೂಲೆಗಿಡುವುದಕ್ಕಿಂತ, ನಾಲ್ಕು ಮನೆಗಳವರು ಕೂಡಿ ಒಂದು ಒಳ್ಳೆಯ ಬ್ಯಾಟರಿಯನ್ನು ಕೊಂಡು, ಅಮಾವಾಸ್ಯೆಯ ಶನಿವಾರ ಒಟ್ಟಿಗೆ ಹೊರಡುವುದು ಲೇಸಲ್ಲವೆ? ಖರ್ಚು ಹಂಚಿಹೋಗುತ್ತದೆ, ದಾರಿಯೂ ಸಾಗುತ್ತದೆ. ಯಾರ ಯಂತ್ರಕ್ಕೆ ಎಷ್ಟು ವ್ಯಾಟ್ ಬೇಕೆಂಬ ಕಾಗದವನ್ನು ಮಾತ್ರ ಹೊರಡುವ ಮೊದಲೇ ಬರೆದಿಟ್ಟುಕೊಂಡಿರಬೇಕು.